ಜಿಮ್ಮಿಗೆ ತುಳು ಬರುತ್ತೆ | 9 ವರ್ಷದ ಲ್ಯಾಬ್ರಡಾರ್ ನಾಯಿ ನಮ್ಮನೆಗೆ ಬಂದ ಕಥೆ

ಈಗ ಟೈಮ್ ಬೆಳಗ್ಗೆ 5:30, ಇನ್ನೂ ಕತ್ತಲೆ, ಅದಕ್ಕೇ ವೀಡಿಯೋ ಸ್ವಲ್ಪ ಮಬ್ಬಾಗಿದೆ, ಅಲ್ಲಿ ಗೇಟ್ ಹತ್ರ ನಿಂತಿದಾನಲ್ಲ ಅವನೇ ಜಿಮ್ಮಿ. ಮಳೆ ಬರ್ಲಿ ಚಳಿ ಇರ್ಲಿ ದಿನಾ ಇದೇ ಟೈಮಿಗೆ ಎದ್ದು ಹೋಗಿ ಗೇಟಿಗೆ ಮೂತಿ ಆನಿಸ್ಕೊಂಡು ನಿಂತ್ಕೋತಾನೆ. ಬೊಗಳಲ್ಲ, ಕುಂಯ್ ಅನ್ನಲ್ಲ, ಸುಮ್ನೆ ನಿಂತಿರ್ತಾನೆ. ನಮ್ಮನೆಗೆ ಬಂದ ಮೊದಲ ಎರಡು ತಿಂಗಳು ಇದ್ಯಾಕೆ ಅಂತ ನಮಗೆ ಅರ್ಥಾನೇ ಆಗಿರ್ಲಿಲ್ಲ. ಯೂರಿನ್‌ಗೆ ಅಂತ ಗೇಟ್ ತೆಗೆದ್ರೆ ಹೊರಗೆ ಹೋಗಿ ಬಲಗಡೆ ನೋಡ್ತಾನೆ, ಎಡಗಡೆ ನೋಡ್ತಾನೆ, ವಾಪಸ್ ಬಂದು ಮಲಗಿಬಿಡ್ತಾನೆ. ಅದರ ಕಾರಣ ಆಮೇಲೆ ಹೇಳ್ತೀನಿ, ಮೊದಲು ಇವನು ಬಂದಿದ್ದು ಹೇಗೆ ಅಂತ ಹೇಳ್ಬಿಡ್ತೀನಿ.

ಫೆಬ್ರವರಿಲಿ ನಮ್ಮ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ಬಂತು. ಹಳದಿ ಲ್ಯಾಬ್, ಮೂತಿ ಪೂರ್ತಿ ಬೆಳ್ಳಗಾಗಿದೆ, 9 ವರ್ಷ, ಮೈಸೂರಿನ ಸರಸ್ವತಿಪುರಂನಲ್ಲಿದ್ದ ಯಜಮಾನ್ರು ತೀರ್ಕೊಂಡಿದಾರೆ, ಯಾರಾದ್ರೂ ಸಾಕೋರು ಇದೀರಾ ಅಂತ. ಮೂರು ದಿನ ಯಾರೂ ಮುಂದೆ ಬರ್ಲಿಲ್ಲ. ಅದೇ ಗ್ರೂಪಲ್ಲಿ 45 ದಿನದ ಪಪ್ಪಿ ಫೋಟೋ ಹಾಕಿದ್ರೆ ಅರ್ಧ ಗಂಟೇಲಿ ಮನೆ ಸಿಕ್ಕಿರೋದನ್ನ ನಾನೇ ನೋಡಿದೀನಿ. ನನಗೆ ಆ ಫೋಟೋ ಮನಸ್ಸಿಂದ ಹೋಗ್ಲೇ ಇಲ್ಲ. ನಮ್ಮ ಮನೆಯವ್ರು ಯೋಚನೆ ಮಾಡಿದ್ರು, 9 ವರ್ಷ ಅಂದ್ರೆ ಇನ್ನೆಷ್ಟು ದಿನ ಇರುತ್ತೆ, ಪಾಪು ಹಚ್ಕೊಂಡ್ಬಿಟ್ರೆ ಆಮೇಲೆ ತಡ್ಕೋತಾಳಾ ಅಂತ. ಅದು ತಪ್ಪು ಯೋಚನೆ ಅಲ್ಲ, ಲ್ಯಾಬ್ ಬದುಕೋದು ಸಾಮಾನ್ಯವಾಗಿ 10ರಿಂದ 12 ವರ್ಷ, 7 ದಾಟಿದ್ರೇ ಡಾಕ್ಟ್ರುಗಳು ವಯಸ್ಸಾದ ನಾಯಿ ಅಂತ ಲೆಕ್ಕ ಹಾಕ್ತಾರೆ. ಆದ್ರೆ ನಮ್ಮತ್ತೆ ಒಂದೇ ಮಾತು ಹೇಳಿದ್ರು, ವಯಸ್ಸಾದ್ಮೇಲೆ ಮನೆ ಬಿಡಿಸಿದ್ರೆ ಮನುಷ್ಯರಿಗೇ ತಡೆಯಕ್ಕಾಗಲ್ಲ, ಅದು ಬಾಯಿಲ್ಲದ ಜೀವ, ಕರ್ಕೊಂಡ್ ಬಾರಮ್ಮ ಅಂತ. ಅಷ್ಟೇ, ಮಾರನೇ ದಿನ ಹೊರಟ್ವಿ.

ಜಿಮ್ಮಿ ಅಷ್ಟೊತ್ತಿಗೆ ದುಡ್ಡು ತಗೊಂಡು ನಾಯಿ ನೋಡ್ಕೊಳ್ಳೋ ಒಂದು ಬೋರ್ಡಿಂಗಲ್ಲಿದ್ದ, 40 ದಿನ ಆಗಿತ್ತಂತೆ. ಯಜಮಾನ್ರ ಮಗಳು ವಿದೇಶದಲ್ಲಿರೋದು, ಅಪ್ಪನ ಕಾರ್ಯ ಮುಗಿಸಿ ರಜೆ ಇಲ್ದೆ ವಾಪಸ್ ಹೋಗ್ಬೇಕಾಗಿತ್ತು, ಅಲ್ಲಿ ಅವರ ಬಾಡಿಗೆ ಮನೇಲಿ ನಾಯಿ ಸಾಕಂಗಿಲ್ಲ. ಕೆಲವರು ಆ ಅಕ್ಕನ್ನ ಬೈದ್ರು, ನಾನು ಬೈಯಲ್ಲ. ಅವರು ನಾಯಿನ ರೋಡಿಗೆ ಬಿಟ್ಟು ಹೋಗ್ಲಿಲ್ಲ, ಪ್ರತಿ ವಾರ ಬೋರ್ಡಿಂಗಿಗೆ ದುಡ್ಡು ಕಳಿಸ್ಕೊಂಡು, ದಿನಾ ಫೋನ್ ಮಾಡ್ಕೊಂಡು ಮನೆ ಹುಡುಕ್ತಾ ಇದ್ರು. ಕಾರಲ್ಲಿ ಕರ್ಕೊಂಡ್ ಬಂದು ಊರಾಚೆ ಇಳಿಸಿ ಹೋಗೋರು ಎಷ್ಟು ಜನ ಇದಾರೆ ಗೊತ್ತಾ ನಿಮಗೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ, ಸಾಕಿದ ಪ್ರಾಣಿನ ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಬಿಟ್ಟು ಹೋಗೋದು ಅಪರಾಧ, ಆದ್ರೆ ಆ ಕಾಯ್ದೇಲಿ ಮೊದಲ ಸಲದ ತಪ್ಪಿಗೆ ಬರೆದಿರೋ ದಂಡ 10 ರೂಪಾಯಿಂದ 50 ರೂಪಾಯಿ. ಅದನ್ನ ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು.

ಈಗ ತೋರಿಸ್ತಿರೋದು ಜಿಮ್ಮಿ ಜೊತೆ ಬಂದ ಸಾಮಾನು. ಒಂದು ಸ್ಟೀಲ್ ತಟ್ಟೆ, ಒಂದು ಚೈನು, ಒಂದು ಹಳೇ ಬೈರಾಸು, ಅಂದ್ರೆ ಟವೆಲ್ಲು, ತುಳು ಕಡೆ ಅವರು ಹಾಗೆ ಅಂತಾರೆ, ತೀರ್ಕೊಂಡ ಯಜಮಾನ್ರು, ಆ ತಾತ, ಹೆಗಲ ಮೇಲೆ ಹಾಕ್ಕೋತಿದ್ದಿದ್ದು. ಆಮೇಲೆ ಈ ವ್ಯಾಕ್ಸಿನ್ ಬುಕ್ಕು. ಇದರಲ್ಲಿ 9 ವರ್ಷದ ಲೆಕ್ಕ ಇದೆ, ಮೂರು ತಿಂಗಳಿಗೊಂದ್ಸಲ ಜಂತಿನ ಮಾತ್ರೆ ಯಾವತ್ತು ಕೊಟ್ರು, ತೂಕ ಎಷ್ಟಿತ್ತು, ರೇಬೀಸ್ ಇಂಜೆಕ್ಷನ್ ಯಾವತ್ತು, ಎಲ್ಲಾ ತಾತನ ಕೈಬರಹದಲ್ಲಿ, ನೀಲಿ ಇಂಕಲ್ಲಿ. ಒಂದು ಕಡೆ "ಕಿವಿ ತುರಿಕೆ, ಈಗ ಪರವಾಗಿಲ್ಲ" ಅಂತ ಬರೆದಿದಾರೆ. ನಾನು ಆ ತಾತನ್ನ ನೋಡಿಲ್ಲ, ಆದ್ರೆ ಈ ಬುಕ್ ಓದಿ ಓದಿ ಅವರು ಪರಿಚಯ ಅನ್ಸತ್ತೆ. ಪಾಪು ಅವರನ್ನ ಜಿಮ್ಮಿ ತಾತ ಅಂತಾನೇ ಕರೆಯೋದು.

ಮೊದಲ ವಾರ ತುಂಬಾ ಕಷ್ಟ ಆಯ್ತು. ಮೂಲೇಲಿ ಮಲಗಿದ್ರೆ ಏಳಲ್ಲ, ಊಟ ಮೂಸಿ ನೋಡಿ ಮುಖ ತಿರುಗಿಸ್ತಾನೆ. ಎಲ್ರೂ ಏನಂದ್ರು, ಯಜಮಾನ್ರನ್ನ ನೆನೆಸ್ಕೊಂಡು ಕೊರಗ್ತಿದೆ, ಟೈಮ್ ಕೊಡಿ ಸರಿ ಹೋಗುತ್ತೆ ಅಂತ. ನಾವೂ ಹಾಗೇ ಅಂದ್ಕೊಂಡು ಐದು ದಿನ ಕಳೆದ್ಬಿಟ್ವಿ, ಆ ಐದು ದಿನ ನಾನು ಇವತ್ತಿಗೂ ಮರೆತಿಲ್ಲ. ಆರನೇ ದಿನ ಒಸಡು ನೋಡಿದ್ರೆ ಬಿಳಿಚ್ಕೊಂಡಿತ್ತು, ಕಿವಿ ಒಳಗೆ, ಬೆರಳಿನ ಸಂದಿಲಿ ಉಣ್ಣೆ ಹುಳ. ಡಾಕ್ಟ್ರ ಹತ್ರ ಓಡಿದ್ವಿ, 104 ಡಿಗ್ರಿ ಜ್ವರ, ಬ್ಲಡ್ ಟೆಸ್ಟಲ್ಲಿ ಪ್ಲೇಟ್‌ಲೆಟ್ ತುಂಬಾ ಕಮ್ಮಿ, ಎರ್ಲಿಕಿಯಾ ಪಾಸಿಟಿವ್. ಉಣ್ಣೆ ಜ್ವರ ಅಂತೀವಲ್ಲ, ಅದು. ಕೊರಗು ಇರ್ಲಿಲ್ಲ ಅಂತಲ್ಲ, ಕೊರಗಿನ ಜೊತೆಗೆ ಕಾಯಿಲೇನೂ ಇತ್ತು, ನಾವು ಒಂದನ್ನೇ ನೋಡಿದ್ವಿ. ಅದಕ್ಕೇ ಕೈ ಮುಗಿದು ಕೇಳ್ಕೋತೀನಿ, ದೊಡ್ಡ ವಯಸ್ಸಿನ ನಾಯಿ ತಂದ್ರೆ ಮನೆಗೆ ಕರ್ಕೊಂಡ್ ಹೋಗೋಕ್ ಮುಂಚೆನೇ ಡಾಕ್ಟ್ರಿಗೆ ತೋರಿಸಿ, ರಕ್ತ ಟೆಸ್ಟ್ ಮಾಡ್ಸಿ, ಕಿಡ್ನಿ ಲಿವರ್ ಎಲ್ಲಾ ಸೇರಿಸಿ.

28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ. ಖಾಲಿ ಹೊಟ್ಟೇಲಿ ಕೊಟ್ರೆ ವಾಂತಿ ಮಾಡ್ಕೋತಾನೆ, ಹಾಲು ಮೊಸರಿನ ಜೊತೆ ಕೊಟ್ರೆ ಮಾತ್ರೆ ಸರಿಯಾಗಿ ಹಿಡಿಯಲ್ಲ ಅಂದಿದ್ರು, ಅದಕ್ಕೆ ಚಿಕನ್ ಬೇಯಿಸಿದ ನೀರಲ್ಲಿ ಅನ್ನ ಕಲಸಿ ಉಂಡೆ ಮಾಡಿ ಮಧ್ಯದಲ್ಲಿ ಇಟ್ಟು ಕೊಡ್ತಿದ್ವಿ, ನಮ್ಮ ಕಡೆ ಮುದ್ದೆ ನುಂಗೋ ಹಾಗೆ ಅಗಿಯದೇ ನುಂಗ್ಬಿಡೋನು. ರೇಬೀಸ್ ಇಂಜೆಕ್ಷನ್ ಡೇಟ್ ಬೋರ್ಡಿಂಗಲ್ಲಿದ್ದಾಗಲೇ ಮುಗಿದಿತ್ತು, ಅದನ್ನ ಹುಷಾರಾದ್ಮೇಲೆ ಹಾಕಿಸಿದ್ವಿ.

ಜ್ವರ ಇಳೀತು, ಊಟ ಶುರು ಮಾಡ್ದ, ಆದ್ರೂ ಕರೆದ್ರೆ ಬರ್ತಿರ್ಲಿಲ್ಲ. ಬಾ ಜಿಮ್ಮಿ ಅಂದ್ರೆ ನೋಡ್ತಾನೆ ಅಷ್ಟೇ. ಕಮ್ ಅಂದ್ರೂ ಇಲ್ಲ. ಕೂತ್ಕೋ ಅಂದ್ರೆ ನಿಂತಿರ್ತಾನೆ. ಕಿವಿ ಕೇಳಲ್ವೇನೋ ಅಂತ ಅದನ್ನೂ ಚೆಕ್ ಮಾಡ್ಸಿದ್ವಿ, ಕಿವಿ ಸರಿ ಇದೆ. ಹಿಂಗಿರ್ಬೇಕಾದ್ರೆ ಏಪ್ರಿಲಲ್ಲಿ ಒಂದಿನ ಆ ಅಕ್ಕ ವೀಡಿಯೋ ಕಾಲ್ ಮಾಡಿದ್ರು. ಅದುವರೆಗೂ ಅವರು ಮುಖ ತೋರಿಸ್ತಿರ್ಲಿಲ್ಲ, ನನ್ನನ್ನ ನೋಡಿದ್ರೆ ಅವನಿಗೆ ಕಷ್ಟ ಆಗುತ್ತೇನೋ ಅಂತ. ಅವತ್ತು ನಾನೇ ಒತ್ತಾಯ ಮಾಡ್ದೆ. ಫೋನ್ ಅವನ ಮುಂದೆ ಹಿಡಿದೆ, ಆ ಅಕ್ಕ ಗಂಟಲು ಕಟ್ಕೊಂಡು, "ಜಿಮ್ಮಿ, ಬಲ, ಬಲ ಮಗಾ" ಅಂದ್ರು.

ಅವನು ಎದ್ದು ನಿಂತ್ಬಿಟ್ಟ. ಎರಡು ತಿಂಗಳಲ್ಲಿ ಮೊದಲ ಸಲ ಬಾಲ ಅಷ್ಟು ಜೋರಾಗಿ ಅಲ್ಲಾಡಿದ್ದು. ಫೋನ್ ಹಿಂದೆ ಬಂದು ಮೂಸಿದ, ಬಾಗಿಲ ಹಿಂದೆ ಹೋಗಿ ನೋಡಿದ, ರೂಮಿಗೆ ಹೋಗಿ ಬಂದ. ಆ ಕಡೆ ಅವರು ಅಳ್ತಿದಾರೆ, ಈ ಕಡೆ ನಾನು ಅಳ್ತಿದೀನಿ.

ತಾತ ಪುತ್ತೂರು ಕಡೆಯವ್ರು, ಬ್ಯಾಂಕಲ್ಲಿದ್ದು ರಿಟೈರ್ ಆಗಿ ಮೈಸೂರಲ್ಲಿ ಮನೆ ಮಾಡಿದ್ರು. ಮನೇಲಿ ಮಾತಾಡೋದು ತುಳು. ನಾಯಿ ಜೊತೆನೂ ತುಳು. 9 ವರ್ಷ ಅವನ ಕಿವಿಗೆ ಬಿದ್ದಿದ್ದು ಅದೇ ಭಾಷೆ, ನಾವು ಬಂದು ಕನ್ನಡ ಇಂಗ್ಲಿಷಲ್ಲಿ ಆರ್ಡರ್ ಮಾಡಿದ್ರೆ ಅವನಿಗೆ ಹೇಗೆ ಗೊತ್ತಾಗ್ಬೇಕು ಹೇಳಿ. ಅವತ್ತೇ ಕೂತು ಅಕ್ಕನ ಹತ್ರ ಕೇಳಿ ಬರ್ಕೊಂಡ್ವಿ, ಇದೇ ನೋಡಿ ಫ್ರಿಜ್ ಮೇಲಿರೋ ಚೀಟಿ, ಪಾಪು ಬರೆದಿದ್ದು. ಬಲ ಅಂದ್ರೆ ಬಾ. ಕುಲ್ಲು ಅಂದ್ರೆ ಕೂತ್ಕೋ. ಪೋಯಿ ಅಂದ್ರೆ ಹೋಗೋಣ. ನುಪ್ಪು ಅಂದ್ರೆ ಅನ್ನ, ಈ ಪದಕ್ಕಂತೂ ನಿದ್ದೆಯಿಂದ ಎದ್ದು ಬರ್ತಾನೆ. ಮದ್ದೂರು ಕಡೆ ಹುಟ್ಟಿ ಬೆಳೆದ ನಮ್ಮತ್ತೆ ಈಗ ದಿನಾ ಮಧ್ಯಾಹ್ನ ಬಾಗಿಲಲ್ಲಿ ನಿಂತು "ನುಪ್ಪು ಜಿಮ್ಮಿ" ಅಂತ ಕೂಗ್ತಾರೆ.

ಬೆಳಗ್ಗೆ 5:30ರ ವಿಷ್ಯಾನೂ ಅವತ್ತೇ ಗೊತ್ತಾಗಿದ್ದು. ತಾತ ದಿನಾ ಆ ಹೊತ್ತಿಗೆ ನಂದಿನಿ ಬೂತಿಗೆ ಹೋಗ್ತಿದ್ರಂತೆ, ಜಿಮ್ಮಿ ಬಾಯಲ್ಲಿ ಬಟ್ಟೆ ಚೀಲ ಕಚ್ಕೊಂಡು ಮುಂದೆ ಮುಂದೆ. ಅವನು ಗೇಟ್ ಹತ್ರ ನಿಂತ್ಕೋತಿದ್ದಿದ್ದು ಹಾಲಿಗೆ ಹೋಗೋಕೆ. ನಾವು ಹಾಲು ಮನೆಗೇ ಹಾಕಿಸ್ಕೋತಿದ್ವಿ. ಮಾರನೇ ದಿನದಿಂದ ನಿಲ್ಲಿಸಿದ್ವಿ.

ಈಗ ಊಟದ ಬಗ್ಗೆ ತುಂಬಾ ಜನ ಕಮೆಂಟಲ್ಲಿ ಕೇಳಿದೀರ. ಬಂದಾಗ ಅವನ ತೂಕ 37 ಕೆಜಿ, ಈಗ 32. ತಾತ ಕಾಫಿ ಕುಡಿಯೋವಾಗೆಲ್ಲಾ ಮಾರಿ ಬಿಸ್ಕತ್ತು ಕೊಡ್ತಿದ್ರಂತೆ, ಪ್ರೀತಿ ಅದು. ಲ್ಯಾಬ್‌ಗಳಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ ಅಂತಾರಲ್ಲ, 2016ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿಯವ್ರು ಅದಕ್ಕೆ ಪಿಒಎಂಸಿ ಅನ್ನೋ ಒಂದು ಜೀನ್ ಕಾರಣ ಅಂತ ಕಂಡುಹಿಡಿದ್ರು, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಆ ಜೀನಲ್ಲಿ ವ್ಯತ್ಯಾಸ ಇರುತ್ತಂತೆ. ಹಾಗಾಗಿ ಅವನು ಆಸೆ ಕಣ್ಣಲ್ಲಿ ನೋಡಿದ್ರೆ ಬೈಬೇಡಿ, ನಿಜವಾಗ್ಲೂ ಹಸಿವಾಗ್ತಿರಬಹುದು. ಬಿಸ್ಕತ್ತಿನ ಬದಲು ನಾವು ಸೌತೆಕಾಯಿ, ಬೇಯಿಸಿದ ಬೀನ್ಸ್ ಕೊಡ್ತೀವಿ. ಆದ್ರೆ ಅತ್ತೆ ಕಾಫಿ ಕುಡಿಯೋವಾಗ ಅರ್ಧ ಮಾರಿ ಮಾತ್ರ ಉಳಿಸ್ಕೊಂಡಿದೀವಿ, ಡಾಕ್ಟ್ರನ್ನ ಕೇಳೇ ಕೊಡೋದು, ಅದೊಂದು ಅವನ ಹಳೇ ಮನೆ ರುಚಿ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಹುಳಿ ಸಾರು ಕಲಸಿ ಹಾಕೋದು ನಮ್ಮಲ್ಲಿ ಮಾಮೂಲಿ, ದಯವಿಟ್ಟು ಬೇಡ, ಅದು ನಾಯಿ ರಕ್ತಕ್ಕೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಇಲ್ಲಿ ಮನೆ ಹಾಲ್‌ನಲ್ಲಿ ಗೋಣಿಚೀಲ, ಹಳೇ ಯೋಗ ಮ್ಯಾಟ್ ಸಾಲಾಗಿ ಹಾಸಿರೋದು ಕಾಣ್ತಿದೆಯಲ್ಲ, ಅದು ಅವನ ರಸ್ತೆ. ಟೈಲ್ಸ್ ಮೇಲೆ ಹಿಂದಿನ ಕಾಲು ಜಾರುತ್ತೆ, ಎಕ್ಸ್‌ರೇಲಿ ಸೊಂಟದ ಕೀಲು ಸವೆದಿದೆ ಅಂತ ಬಂತು. ನೋವಿನ ಮಾತ್ರೆ ಡಾಕ್ಟ್ರು ಕೊಟ್ಟಿದ್ದು ಮಾತ್ರ, ಮನೇಲಿರೋ ಬ್ರೂಫೆನ್ ಅದೂ ಇದೂ ಅರ್ಧ ಮುರಿದು ಕೊಡೋಕೆ ಹೋಗ್ಲೇಬೇಡಿ, ಹೊಟ್ಟೇಲಿ ಹುಣ್ಣಾಗುತ್ತೆ, ಕಿಡ್ನಿ ಹೋಗುತ್ತೆ. ಕಣ್ಣು ನೀಲಿ ನೀಲಿ ಕಾಣ್ತಿದ್ದಕ್ಕೆ ಪೊರೆ ಅಂತ ಹೆದರಿದ್ವಿ, ಅದು ವಯಸ್ಸಿಗೆ ಬರೋ ಮಬ್ಬು, ದೃಷ್ಟಿಗೆ ಅಂಥಾ ತೊಂದ್ರೆ ಇಲ್ಲ ಅಂದ್ರು.

ಒಂದು ತಪ್ಪು ಮಾಡ್ದೆ, ಅದನ್ನೂ ಹೇಳ್ತೀನಿ. ಜೂನಲ್ಲಿ ಆ ಬೈರಾಸು ವಾಸನೆ ಬರ್ತಿದೆ ಅಂತ ವಾಷಿಂಗ್ ಮೆಷಿನ್ನಿಗೆ ಹಾಕ್ಬಿಟ್ಟೆ. ಒಣಗಿಸಿ ಅವನ ಜಾಗದಲ್ಲಿ ಹಾಸಿದೆ. ಬಂದು ಮೂಸಿದ. ಕಾಲಲ್ಲಿ ಕೆದಕಿ ಮತ್ತೆ ಮೂಸಿದ. ಇಡೀ ರಾತ್ರಿ ಮನೆ ತುಂಬಾ ಓಡಾಡಿದ. ಅದರಲ್ಲಿ ತಾತ ಉಳಿದಿದ್ದಿದ್ದೇ ಅಷ್ಟು, ನಾನು ಸೋಪು ಹಾಕಿ ತೊಳೆದ್ಬಿಟ್ಟೆ. ಅಕ್ಕನಿಗೆ ಫೋನ್ ಮಾಡಿ ಅತ್ಬಿಟ್ಟೆ. ಅವರು ಏನೂ ಅನ್ಲಿಲ್ಲ, ತಾವು ಜೊತೆಗೆ ತಗೊಂಡು ಹೋಗಿದ್ದ ಅಪ್ಪನ ಸ್ವೆಟರನ್ನ ಮೂರು ಕವರಲ್ಲಿ ಸುತ್ತಿ, ಇಲ್ಲಿಗೆ ಬರ್ತಿದ್ದ ಫ್ರೆಂಡ್ ಕೈಲಿ ಕಳಿಸಿದ್ರು. ತಾವು ಇಟ್ಕೊಂಡಿದ್ದ ಒಂದೇ ಒಂದನ್ನ. ದೀಪಾವಳಿ ಮೂರು ದಿನ ಕಿಟಕಿ ಎಲ್ಲಾ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ಡಾಕ್ಟ್ರು ಕೊಟ್ಟ ಮಾತ್ರೆ ಕೊಟ್ಟು ಮಲಗಿಸಿದ್ವಿ, ಮಂಚದ ಕೆಳಗೆ ಆ ಸ್ವೆಟರ್ ಒಳಗೆ ಮೂತಿ ಇಟ್ಕೊಂಡೇ ಇದ್ದ.

ನಮ್ಮ ಮದ್ದೂರು ತಾಲೂಕಲ್ಲೇ ಆತಕೂರು ಅಂತ ಊರಿದೆ, ಅಲ್ಲಿನ ಶಾಸನದ ಬಗ್ಗೆ ಸ್ಕೂಲಲ್ಲಿ ಎಲ್ರೂ ಓದಿರ್ತೀರ. ಹತ್ತನೇ ಶತಮಾನದ್ದು, ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲಂ ಯುದ್ಧ ಆದ ಕಾಲದ್ದು. ಗಂಗರ ರಾಜ ಬೂತುಗನ ಕಡೆಯ ಮಣಲೆರ ಅನ್ನೋ ವೀರ, ಏನ್ ಬೇಕೋ ಕೇಳ್ಕೋ ಅಂದಾಗ ಊರು ಕೇಳ್ಲಿಲ್ಲ ಚಿನ್ನ ಕೇಳ್ಲಿಲ್ಲ, ಕಾಳಿ ಅನ್ನೋ ಬೇಟೆ ನಾಯಿನ ಕೇಳಿದ. ಆಮೇಲೆ ಕಾಳಿ ಒಂದು ದೊಡ್ಡ ಹಂದಿ ಜೊತೆ ಕಾದಾಡಿ, ಎರಡೂ ಸತ್ವು. ಕಾಳಿಗೆ ವೀರಗಲ್ಲು ಹಾಕಿಸಿ ಅದರ ಪೂಜೆಗೆ ಅಂತ ಜಮೀನು ಬಿಟ್ರು, ಆ ಕಲ್ಲು ಈಗ ಬೆಂಗಳೂರು ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿದೆ. ಚಿಕ್ಕವಳಿದ್ದಾಗ ನಾನು ಹಂದಿ ಜೊತೆ ಕಾದಾಡಿದ್ದನ್ನಷ್ಟೇ ನೆನಪಿಟ್ಕೊಂಡಿದ್ದೆ. ಜಿಮ್ಮಿ ಬಂದ್ಮೇಲೆ ಬೇರೆ ಏನೋ ಹೊಳೀತು, ಕಾಳಿ ಕೂಡ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಬಂದ ನಾಯಿನೇ ಅಲ್ವಾ, ಮಣಲೆರ ಅದರ ಹೆಸರು ಬದಲಾಯಿಸ್ಲಿಲ್ಲ, ಅದೇ ಹೆಸರೇ ಕಲ್ಲಿಗೂ ಬಂತು. ಪಾಪು ಮೊದಲು ಸಿಂಬಾ ಅಂತ ಹೆಸರಿಡೋಣ ಅಂದಿದ್ಲು. ಆ ಕಥೆ ಹೇಳಿದ್ಮೇಲೆ ಕೇಳ್ಲಿಲ್ಲ.

ಈ ಕ್ಲಿಪ್ ಹೋದ ಭಾನುವಾರದ್ದು. ವಾರಕ್ಕೆರಡು ಸಲ ಕಾರಲ್ಲಿ ಕೂರಿಸ್ಕೊಂಡು ಸರಸ್ವತಿಪುರಂನ ಅವನ ಹಳೇ ಬೂತಿಗೇ ಹೋಗ್ತೀವಿ. ಮೊದಲ ಸಲ ಹೋದಾಗ ಹಳೇ ಮನೆ ಗೇಟ್ ಹತ್ರ ಎಳ್ಕೊಂಡು ಹೋಗಿ ಕೂತ್ಬಿಟ್ಟ, ಅಲ್ಲಿ ಈಗ ಬೇರೆ ಸಂಸಾರ ಇದೆ. ನಾನು ಚೈನ್ ಎಳೀಲಿಲ್ಲ, ಪಕ್ಕದಲ್ಲೇ ಫುಟ್‌ಪಾತ್ ಮೇಲೆ ಕೂತೆ. 20 ನಿಮಿಷ ಆದ್ಮೇಲೆ ಅವನೇ ಎದ್ದ. ಈಗ ಆ ಗೇಟ್ ಹತ್ರ ಒಂದು ನಿಮಿಷ ನಿಂತು ಮೂಸಿ, ನನ್ನ ಕಡೆ ತಿರುಗಿ ನೋಡ್ತಾನೆ. ನಾನು ಪೋಯಿ ಅಂತೀನಿ.

ಬೂತಲ್ಲಿರೋ ಅಣ್ಣ ಈಗಲೂ ಪ್ಯಾಕೆಟ್ ನನ್ನ ಕೈಗೆ ಕೊಡಲ್ಲ, ಬಗ್ಗಿ ಅವನ ಬಾಯಲ್ಲಿರೋ ಚೀಲಕ್ಕೆ ಹಾಕ್ತಾರೆ. ಮೊದಲು ಅರ್ಧ ಲೀಟರ್ ಒಂದೇ ಇತ್ತಂತೆ, ತಾತ ಒಬ್ರೇ ಅಲ್ವಾ. ಈಗ ಎರಡು. ಭಾರ ಆದ್ರೂ ಕಾರ್ ತನಕ ಬಾಯಿಂದ ಬಿಡಲ್ಲ, ನೋಡಿ, ನಡೆಯೋ ಸ್ಟೈಲ್ ನೋಡಿ.