ಮ್ಯಾಥ್ ಎರರ್

ನಮಸ್ಕಾರ. ತೀರ್ಥಹಳ್ಳಿಯಿಂದ ಮಾತಾಡುತ್ತಿದ್ದೇನೆ. ಮಧ್ಯೆ ಮಧ್ಯೆ ಹೆಂಚಿನ ಮೇಲೆ ಮಳೆ ಸದ್ದು ಬಂದರೆ ಸಹಿಸಿಕೊಳ್ಳಿ. ಆಷಾಢದಲ್ಲಿ ಇದಕ್ಕಿಂತ ಒಳ್ಳೆ ಸ್ಟುಡಿಯೋ ನಮ್ಮೂರಲ್ಲಿ ಸಿಗುವುದಿಲ್ಲ.

ನಾನು ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಮ್ಯಾಥ್ಸ್ ಹೇಳಿಕೊಡುತ್ತೇನೆ. ಹೋದ ವಾರ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. 101 ಪವರ್ 50 ಒಂದು ಕಡೆ. 100 ಪವರ್ 50 ಮತ್ತು 99 ಪವರ್ 50, ಇವೆರಡನ್ನು ಕೂಡಿಸಿ ಇನ್ನೊಂದು ಕಡೆ. ಯಾವುದು ದೊಡ್ಡದು? ಹಳೇ ಲೆಕ್ಕ ಇದು, ನಾನು ಹುಟ್ಟಿಸಿದ್ದಲ್ಲ.

ಮೊದಲ ಬೆಂಚಿನ ಹುಡುಗಿ ಸುಮ್ನೆ ಬ್ಯಾಗಿನಿಂದ ಕ್ಯಾಲ್ಕುಲೇಟರ್ ತೆಗೆದಳು. ಇಂಜಿನಿಯರಿಂಗ್ ಓದುವ ಅಣ್ಣನದ್ದು. ತೆಗಿ ತೆಗಿ ಅಂದೆ. 99 ಪವರ್ 50 ಒತ್ತಿದಳು, ಉತ್ತರ ಬಂತು. 6.05, ಪಕ್ಕದಲ್ಲಿ 10 ಪವರ್ 99. ಆಮೇಲೆ 100 ಪವರ್ 50 ಒತ್ತಿದಳು. ಪರದೆ ಮೇಲೆ "ಮ್ಯಾಥ್ ಎರರ್".

ಕ್ಲಾಸಿಗೆ ಕ್ಲಾಸೇ ನಕ್ಕಿತು. ಯಾಕೆ ಹಾಗಾಯ್ತು ಗೊತ್ತಾ? 100 ಪವರ್ 50 ಅಂದರೆ ಒಂದರ ಮುಂದೆ ನೂರು ಸೊನ್ನೆ, 10 ಪವರ್ 100. ವಿದ್ಯಾರ್ಥಿಗಳ ಹತ್ತಿರ ಇರುವ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ 10ರ ಪವರ್ 99 ದಾಟುವ ಹಾಗಿಲ್ಲ. ಬಾಗಿಲ ತನಕ ಬಂದು ಹೊಸ್ತಿಲು ಎಡವಿತು. ಮೊಬೈಲಿನಲ್ಲಿ ಹಾಕಿದ್ದರೆ ಉತ್ತರ ಬರುತ್ತಿತ್ತೋ ಏನೋ. ಬಂದರೂ 1.64 ಮತ್ತು 1.61 ಅಂತ ಎರಡು ಅಂಕಿ ಕಾಣುತ್ತವೆ ಅಷ್ಟೇ.

ಈಗ ಕೈಯಲ್ಲಿ ಮಾಡಿ ನೋಡಿ. 101 ಅಂದರೆ 100ಕ್ಕೆ ಒಂದು ಜಾಸ್ತಿ, 99 ಅಂದರೆ ಒಂದು ಕಮ್ಮಿ. ಮೊತ್ತದ ಪವರನ್ನು ಪದ ಪದವಾಗಿ ಬಿಡಿಸುವ ಸೂತ್ರ ಫಸ್ಟ್ ಪಿಯುಸಿಯಲ್ಲಿದೆ, ಬೈನಾಮಿಯಲ್ ಥಿಯರಮ್. ಎರಡನ್ನೂ ಅದರಲ್ಲಿ ಬಿಡಿಸಿ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಅರ್ಧ ಪದಗಳು ಹೊಡೆದುಹೋಗುತ್ತವೆ, ಉಳಿದವು ಎರಡರಷ್ಟಾಗುತ್ತವೆ. ಉಳಿದವುಗಳಲ್ಲಿ ಮೊದಲನೆಯದು 2 ಇಂಟು 50 ಇಂಟು 100 ಪವರ್ 49. ಎರಡೈವತ್ತಲೆ ನೂರು. ಅಂದರೆ ಸರಿಯಾಗಿ 100 ಪವರ್ 50! ಅದರ ಹಿಂದೆ ಇನ್ನೂ ಒಂದಿಷ್ಟು ಪದಗಳಿವೆ, ಎಲ್ಲವೂ ಪ್ಲಸ್. ಹಾಗಾಗಿ 101 ಪವರ್ 50ಯೇ ದೊಡ್ಡದು. ಮಗ್ಗಿ ಬಂದರೆ ಸಾಕು.

ನಮ್ಮಪ್ಪನಿಗೆ ಬೈನಾಮಿಯಲ್ ಗೊತ್ತಿರಲಿಲ್ಲ. ಆದರೆ ಮಂಡಿಯಲ್ಲಿ ರಾಶಿ ಅಡಿಕೆ ತೂಗಿ 49 ಕಿಲೋ ಅಂದರೆ, ಕ್ವಿಂಟಾಲಿಗೆ 48,000 ರೇಟು ಅಂತಿಟ್ಟುಕೊಳ್ಳಿ, ಚೀಟಿ ಬರೆಯುವವನು ಪೆನ್ನು ಹುಡುಕುವಷ್ಟರಲ್ಲಿ ಅಪ್ಪ ಮುಗಿಸಿರುತ್ತಿದ್ದರು. "ಐವತ್ತಕ್ಕೆ ಇಪ್ಪತ್ನಾಲ್ಕು ಸಾವಿರ, ಅದ್ರಲ್ಲಿ ನಾನೂರ ಎಂಬತ್ತು ತೆಗಿ." 23,520. ಹತ್ತಿರದ ದುಂಡು ಸಂಖ್ಯೆಗೆ ಹೋಗು, ಆಮೇಲೆ ಒಂದು ಹೆಜ್ಜೆ ಹಿಂದೆ ಬಾ. 99ನ್ನು 100ರಲ್ಲಿ ಒಂದು ಕಮ್ಮಿ ಅಂತ ನೋಡುವುದೂ ಅದೇ ಕಣ್ಣು.

ಕ್ಯಾಲ್ಕುಲೇಟರ್ ಇಲ್ಲದ ಲೆಕ್ಕ ಅಂದಕೂಡಲೇ ಶಕುಂತಲಾ ದೇವಿ ಹೆಸರು ಬರುತ್ತದೆ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು. ಅದು ಬೇರೆಯೇ ವಿದ್ಯೆ, ಎಲ್ಲರಿಗೂ ಒಲಿಯುವುದಿಲ್ಲ. ನಾನು ಹೇಳುತ್ತಿರುವುದು ಅದಲ್ಲ.

ನನ್ನ ತಕರಾರು ನಮ್ಮ ಪರೀಕ್ಷೆ ಮೇಲೆ. ಪಿಯುಸಿ ಮ್ಯಾಥ್ಸ್ ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ. ಸಿಇಟಿಗೂ ಇಲ್ಲ. ಇರಲಿ, ಒಳ್ಳೆಯದೇ. ಆದರೆ ಒಳಗೆ ಕೇಳುವುದೇನು? ಸೆಕೆಂಡ್ ಪಿಯುಸಿಯಲ್ಲಿ ಮೂರು ಸಮೀಕರಣ ಕೊಟ್ಟು ಮ್ಯಾಟ್ರಿಕ್ಸ್ ವಿಧಾನದಲ್ಲಿ ಬಿಡಿಸಿ ಅನ್ನುತ್ತಾರೆ. ಐದು ಅಂಕ. ಒಂಬತ್ತು ಕೋಫ್ಯಾಕ್ಟರ್ ತೆಗೆಯಬೇಕು. ಒಂದು ಕಡೆ ಮೈನಸ್ ತಪ್ಪಿದರೆ ಉಳಿದದ್ದೆಲ್ಲ ಹಳ್ಳ ಹಿಡಿಯಿತು. ಇದನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ. ಯಂತ್ರವನ್ನು ಗೇಟಿನ ಹೊರಗೆ ನಿಲ್ಲಿಸಿ, ಅದರ ಕೆಲಸವನ್ನು 17 ವರ್ಷದ ಮಕ್ಕಳ ಕೈಲಿ ಮಾಡಿಸುತ್ತಿದ್ದೇವೆ.

ಸಿಇಟಿ ಕಥೆ ಇನ್ನೂ ಚೆನ್ನ. 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡ್. ಅಲ್ಲಿ ಯಾರು ಯೋಚನೆ ಮಾಡುತ್ತಾರೆ ಹೇಳಿ? ಆಪ್ಷನ್ ಹಾಕಿ ನೋಡು, ಕೂತರೆ ಟಿಕ್ ಮಾಡು, ಮುಂದೆ ಹೋಗು. ಘಟ್ಟ ಇಳಿದು ಮಂಗಳೂರು ಕಡೆ ಹಾಸ್ಟೆಲ್ ಕಾಲೇಜಿಗೆ ಹೋದ ನಮ್ಮೂರ ಮಕ್ಕಳು ರಜೆಗೆ ಬಂದಾಗ ನೋಡಬೇಕು. ನೂರಾರು ಶಾರ್ಟ್‌ಕಟ್ ಬಾಯಿಪಾಠ. ಯಾಕೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಅವರನ್ನು ಬೈಯುವ ಹಾಗಿಲ್ಲ. ನಾನು ಪಿಯುಸಿ ಓದುವಾಗ ಯಾಕೆ ಅಂತ ಕೇಳಿದ್ದಕ್ಕೆ, "ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದಿದ್ದರು ಒಬ್ಬ ಲೆಕ್ಚರರ್. ಕೂತೆ.

ಇನ್ನೊಂದು ಬೇಜಾರಿದೆ. ಎನ್‌ಸಿಇಆರ್‌ಟಿ ಪುಸ್ತಕ ಸಣ್ಣದು ಮಾಡುವಾಗ ಡೆರಿವೇಟಿವ್ ಪಾಠದಿಂದ ಅಂದಾಜು ಲೆಕ್ಕದ ಭಾಗವನ್ನೇ ಕಿತ್ತರು. 50ರ ವರ್ಗಮೂಲ ಎಷ್ಟು? 49ರದ್ದು 7. ಒಂದು ಜಾಸ್ತಿ ಇದೆ, ಅದಕ್ಕೆ 7ರ ಎರಡರಷ್ಟು, ಅಂದರೆ 14ರಲ್ಲಿ ಒಂದು ಪಾಲು ಸೇರಿಸು. 7.0714. ನಿಜವಾದದ್ದು 7.0711. ಅಪ್ಪನ 49 ಕಿಲೋ ಅಡಿಕೆ ಲೆಕ್ಕದ ದೊಡ್ಡಣ್ಣ ಇದು. ಹೊರೆ ಇಳಿಸಬೇಕಿದ್ದರೆ ಬೇರೆ ಎಷ್ಟೋ ಇತ್ತು.

ಸರಿ, ನಮ್ಮ ಹುಡುಗಿ ಕಥೆಗೆ ಬರೋಣ. ಉತ್ತರ ಬರೆದುಕೊಂಡ ಮೇಲೆ ಅವಳು ಪೆನ್ನು ಕಚ್ಚುತ್ತ ಕೇಳಿದಳು: "ಸರ್, ಎರಡೈವತ್ತಲೆ ನೂರು ಆಗಿದ್ದಕ್ಕೆ ಇದು ಕೂತಿತು. 50ರ ಬದಲು 49 ಇದ್ದಿದ್ರೆ?"

ನಾನು ಯೋಚಿಸಿರಲಿಲ್ಲ, ನಿಜ ಹೇಳಬೇಕು. ಇಬ್ಬರೂ ಕೂತೆವು. ಮಧ್ಯದ 100ರ ಪವರನ್ನು ನೂರು ಪಾಲು ಅಂತ ಹಿಡಿದರೆ, ಈಗ ಮೊದಲ ಪದ 98 ಮಾತ್ರ, ನೂರಕ್ಕೆ 2 ಸಾಲದು. ಮುಂದಿನ ಪದ ನೋಡಿದರೆ 3.68 ಬರುತ್ತದೆ. ಸಾಲ ತೀರಿ ಮಿಕ್ಕಿತು. 49ಕ್ಕೂ 101ರ ಕಡೆಯೇ ದೊಡ್ಡದು. 48? ಮೊದಲ ಪದ 96, ಕೊರತೆ 4. ಮುಂದಿನದು 3.46, ಅದರ ಮುಂದಿನದು 0.03, ಆಮೇಲಿನವು ಧೂಳು. ನಾಲ್ಕು ಮುಟ್ಟಲೇ ಇಲ್ಲ. ತಕ್ಕಡಿ ತಿರುಗಿತು. ಕರೆಂಟು ಹೋಗಿತ್ತು, ಮೊಬೈಲ್ ಟಾರ್ಚಿನಲ್ಲಿ ಬರೆಯುತ್ತಿದ್ದೆವು, ಉಳಿದ ಮಕ್ಕಳು ಮನೆಗೆ ಹೋಗಿ ಆಗಿತ್ತು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. 48 ಮತ್ತು 49ರ ಮಧ್ಯೆಯೇ ಯಾಕೆ ತಿರುಗಬೇಕು? ಪವರ್‌ಗೆ n ಅನ್ನಿ, ಎರಡೂ ಕಡೆ 100 ಪವರ್ nನಿಂದ ಭಾಗಿಸಿ. 1.01 ಪವರ್ n ಅಂದರೆ ಹೆಚ್ಚು ಕಮ್ಮಿ e ಪವರ್ n ಬೈ 100, e ಅಂದರೆ 2.718 ಅನ್ನುವ ಸಂಖ್ಯೆ. 0.99 ಪವರ್ n ಅಂದರೆ ಹೆಚ್ಚು ಕಮ್ಮಿ ಅದರ ತಲೆಕೆಳಗು. ಹಾಗೆ ಹಾಕಿ, e ಪವರ್ n ಬೈ 100ಕ್ಕೆ y ಅಂತ ಕರೆದರೆ, ಎರಡೂ ಕಡೆ ಸಮ ಆಗುವ ಜಾಗದಲ್ಲಿ y ಮೈನಸ್ 1 ಬೈ y ಸಮ ಒಂದು. ಇದು y ವರ್ಗ ಮೈನಸ್ y ಮೈನಸ್ ಒಂದು ಸಮ ಸೊನ್ನೆ. ಹತ್ತನೇ ಕ್ಲಾಸಿನ ಲೆಕ್ಕ! y ಅಂದರೆ 1.618, ಆ ಪ್ರಸಿದ್ಧ ಗೋಲ್ಡನ್ ರೇಶಿಯೋ. ಅಡಿಕೆ ಲೆಕ್ಕದಂಥ ಲೆಕ್ಕದೊಳಗೆ ಇದು ಎಲ್ಲಿಂದ ಬಂತು ಅಂತ ಎದ್ದು ಕೂತೆ.

n ಸಿಗಲು ಅದರ ನ್ಯಾಚುರಲ್ ಲಾಗ್ ಬೇಕಿತ್ತು, ಅಂದರೆ e ಮೇಲೆ ಯಾವ ಪವರ್ ಹಾಕಿದರೆ 1.618 ಬರುತ್ತದೆ ಅನ್ನುವುದು. ಆಗ ಕ್ಯಾಲ್ಕುಲೇಟರ್ ತೆಗೆದೆ, ಮುಜುಗರ ಏನಿಲ್ಲ. 0.4812. ನೂರರಿಂದ ಗುಣಿಸಿದರೆ 48.12. ಸರಿಯಾಗಿ 48 ಮತ್ತು 49ರ ಮಧ್ಯೆ.

ಬೆಳಿಗ್ಗೆ ಇಷ್ಟನ್ನೂ ಹಾಳೆ ಮೇಲೆ ಬರೆದು, ಫೋಟೋ ತೆಗೆದು ಅವಳಿಗೆ ಕಳಿಸಿದೆ. ಕೆಳಗೆ ಒಂದು ಸಾಲು ಸೇರಿಸಿದೆ: 1001, 1000, 999 ತಗೊಂಡರೆ? ಕಾಲೇಜಿಗೆ ಹೋಗುವ ಬಸ್ಸಿನಿಂದಲೇ ಉತ್ತರ ಬಂತು. "481 ಮತ್ತು 482ರ ಮಧ್ಯೆ. 10,000ಕ್ಕೆ ಹೋದ್ರೆ 4812ರ ಆಚೆ. ಸರ್, ಇದು ಪರೀಕ್ಷೆಗೆ ಬರಲ್ಲ ಅಲ್ವಾ?"

ಬರಲ್ಲ ಅಂತ ಬರೆದೆ. ಅವಳು ಒಂದು ಲಕ್ಷದ್ದನ್ನೂ ಕಳಿಸಿದಳು.