ಗಸಗಸೆಗಿಂತ ಸಣ್ಣ ಶಂಖ

ಎಲ್ಲರಿಗೂ ಶರಣು.

ಮೊದಲಿಗೆ ಕ್ಷಮೆ ಕೇಳಬೇಕು. ಏಪ್ರಿಲ್ ತಿಂಗಳಲ್ಲಿ, ಕಲಬುರಗಿಯಲ್ಲಿ, ಮಾತಿಗೆ ಬಂದವನು ಫ್ಯಾನ್ ಬಂದ್ ಮಾಡಿಸಿದರೆ ಅವನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಗೊತ್ತಿದ್ದೂ ಮಾಡಿಸಿದ್ದೇನೆ. ಕಾರಣ ಈ ಮೇಜಿನ ಮೇಲಿದೆ. ಹಿಂದಿನ ಸಾಲಿನವರಿಗೆ ಬರೀ ಕರಿ ಕಾಗದ ಕಾಣುತ್ತಿರಬಹುದು. ಅದರ ಮೇಲೆ ನಲವತ್ತು ಚಿಪ್ಪುಗಳಿವೆ. ಎಲ್ಲವೂ ಸಮುದ್ರದ ಬಸವನಹುಳುಗಳವು. ಮುಂದಿನ ಸಾಲಿನವರಿಗೂ ಏನೂ ಕಾಣುತ್ತಿಲ್ಲ ಅಂತ ಅವರ ಮುಖ ನೋಡಿದರೇ ತಿಳಿಯುತ್ತದೆ.

ಮೂರು ವರ್ಷದ ಹಿಂದೆ ಮನೆಯಲ್ಲಿ ಇಂಥದ್ದೇ ಒಂದು ಚಿಪ್ಪನ್ನು ಇಟ್ಟುಕೊಂಡು ನಾಲ್ಕು ತಿಂಗಳು ಕೂತಿದ್ದೆ. ಒಂದೇ ಒಂದು ಇತ್ತು. ಅಜ್ಜ ಬೆವರುತ್ತಿದ್ದಾನಲ್ಲ ಅಂತ ಮೊಮ್ಮಗಳು ಪಾಪ, ಬಂದು ಫ್ಯಾನ್ ಹಾಕಿದಳು. ಆಯಿತು, ಮುಗಿಯಿತು. ಇಡೀ ಕೋಣೆ ಗುಡಿಸಿದೆ. ಕಸವನ್ನು ಜರಡಿ ಹಿಡಿದೆ. ಜರಡಿಯಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಎರಡು ಎಳ್ಳಿನ ಸಿಪ್ಪೆ, ಒಂದು ಇರುವೆಯ ಕಾಲು ಸಿಕ್ಕವು. ಚಿಪ್ಪು ಇವತ್ತಿಗೂ ಸಿಕ್ಕಿಲ್ಲ.

ಅಳತೆ ಹೇಳಿಬಿಡುತ್ತೇನೆ. ನಮ್ಮ ತೊಗರಿ ಕಾಳು ಇದೆಯಲ್ಲ, ನಾವು ಸಣ್ಣ ಬಸವನಹುಳು ಅನ್ನುವುದರಲ್ಲಿ ಅದೇ ದೊಡ್ಡದು. ಹೆಚ್ಚಿನವು ಎಳ್ಳಿನಷ್ಟು. ಕೆಲವು ಗಸಗಸೆಯಷ್ಟು. ಅಮೋನಿಸೆರಾ ಅನ್ನುವ ಕುಲದ ಹುಳುಗಳು ಬೆಳೆದು ದೊಡ್ಡವಾದರೂ ಅರ್ಧ ಮಿಲಿಮೀಟರಿನ ಆಸುಪಾಸು, ಗಸಗಸೆಗಿಂತ ಸಣ್ಣವು. ಅಷ್ಟರಲ್ಲೇ ಬಾಯಿ, ಕಣ್ಣು, ಹೊಟ್ಟೆ, ಸಂಸಾರ ಎಲ್ಲ ನಡೆಯಬೇಕು.

ಸಮುದ್ರವೇ ಇಲ್ಲದ ಊರಲ್ಲಿ ಕೂತು ಇದೆಂಥ ಹುಚ್ಚು ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಕೆಳಗೆ ನೋಡಿ ಅನ್ನುತ್ತೇನೆ. ನೀವು ಕಾಲಿಟ್ಟಿರುವುದು ಶಹಾಬಾದ್ ಪರಸಿ. ಅದು ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಅದರಲ್ಲಿ ಶಂಖ ಹುಡುಕಲು ಹೋಗಬೇಡಿ, ಅದು ಪ್ರಾಣಿಗಳಿಗೆ ಚಿಪ್ಪು ಬರುವುದಕ್ಕೂ ಮೊದಲಿನ ಕಲ್ಲು. ಚಿಪ್ಪು ಬೇಕಾದರೆ ಗುರುಮಠಕಲ್ ಕಡೆ ಹೋಗಬೇಕು. ಅಲ್ಲಿ ಲಾವಾ ಕಲ್ಲಿನ ನಡುನಡುವೆ ಹಳೆಯ ಕೆರೆಗಳ ಮಣ್ಣಿನ ಪದರಗಳಿವೆ. ದಖನ್ನಿನ ಇಂಥ ಪದರಗಳಲ್ಲಿ ಸಿಗುವ ಒಂದು ಸಿಹಿನೀರಿನ ಬಸವನಹುಳುವಿಗೆ 1840ರಲ್ಲೇ ಫೈಸಾ ಪ್ರಿನ್ಸೆಪಿ ಅಂತ ಹೆಸರಾಯಿತು. ಆಮೇಲೆ ಅದರ ಕುಲದ ಹೆಸರನ್ನು ಪ್ಲಾಟಿಫೈಸಾ ಅಂತ ಬದಲಿಸಿದರು. ಸತ್ತು ಆರೂವರೆ ಕೋಟಿ ವರ್ಷ ಆದಮೇಲೂ ಅಡ್ರೆಸ್ ಬದಲಾಗುತ್ತದೆ ನೋಡಿ!

ಇನ್ನೊಂದು ವಿಷಯ. ಈ ಕೆಲಸದಲ್ಲಿ ಸಮುದ್ರದ ದಂಡೆಯಲ್ಲಿ ಕಳೆಯುವುದು ವರ್ಷಕ್ಕೆ ನಾಲ್ಕು ದಿನ. ಉಳಿದದ್ದೆಲ್ಲ ಕುರ್ಚಿಯ ಮೇಲೆ. ಕಾರವಾರಕ್ಕೆ ರಾತ್ರಿ ಬಸ್ಸು ಹಿಡಿಯುತ್ತೇನೆ. ನೀರು ಇಳಿದಾಗ ಬಂಡೆಗೆ ಅಂಟಿದ ಪಾಚಿಯನ್ನು ಬಕೆಟ್ಟಿನಲ್ಲಿ ಅಲುಗಿಸಿ ತೊಳೆಯುತ್ತೇನೆ. ಕಲ್ಲಿನ ಕೆಳಮೈಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ. ಆ ನೀರನ್ನು ಅರ್ಧ ಮಿಲಿಮೀಟರಿನ ಜರಡಿಗೆ ಸುರಿದು, ಉಳಿದದ್ದನ್ನು ಡಬ್ಬಿಗೆ ತುಂಬುತ್ತೇನೆ. ಅಲೆ ಬಂದು ದಂಡೆಯಲ್ಲಿ ಗೆರೆ ಎಳೆದಂತೆ ಬಿಟ್ಟುಹೋಗುವ ಚಿಪ್ಪಿನ ನುಚ್ಚು ಇರುತ್ತದಲ್ಲ, ಅದನ್ನೂ ಒಂದು ಬೊಗಸೆ ತರುತ್ತೇನೆ. ಒಂದು ಬೊಗಸೆ ಸಾಕು, ಮಳೆಗಾಲ ಪೂರ್ತಿ ಕೆಲಸ.

ಆ ನುಚ್ಚನ್ನು ತಟ್ಟೆಯಲ್ಲಿ ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಎತ್ತಿ ಬೇರೆ ಮಾಡಬೇಕು. ನಮ್ಮವ್ವ ಇದ್ದಾಗ ಒಂದು ದಿನ ಹಿಂದೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು. "ಏನ್ ಆರಸ್ಲಾಕತ್ತೀಯೋ ಯಪ್ಪಾ, ರವಾದಾಗ ಹುಳ ಬಿದ್ದಾವೇನು?" ಅಂದಳು. ಹೌದವ್ವ, ಹುಳವೇ ಅಂದೆ. ತಮಾಷೆಗೆ ಹೇಳುತ್ತಿಲ್ಲ, ಮೊರದಲ್ಲಿ ಬೇಳೆ ಹರಡಿ ಕಲ್ಲು ಆರಿಸಿದವರ ಕೈಗೆ ಈ ಕೆಲಸ ಬೇಗ ಬರುತ್ತದೆ. ಎರಡು ಸಾವಿರ ಕಾಳುಗಳಲ್ಲಿ ಒಂದು ಬೇರೆ ಇದೆ ಅಂತ ಕಣ್ಣು ಮೊದಲು ಹೇಳುತ್ತದೆ, ಏನು ಬೇರೆ ಅನ್ನುವುದು ಆಮೇಲೆ ತಿಳಿಯುತ್ತದೆ.

ಹೊಸದು ಇನ್ನೂ ಸಿಗುತ್ತದಾ ಅಂತ ಕೇಳುತ್ತೀರಿ. 2002ರಲ್ಲಿ ಚಿಪ್ಪುಗಳ ತಜ್ಞ ಫಿಲಿಪ್ ಬುಷೆ ಮತ್ತು ಜೊತೆಯವರು ಒಂದು ಲೆಕ್ಕ ಪ್ರಕಟಿಸಿದರು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕೂಮಾಕ್ ಎಂಬಲ್ಲಿ 295 ಚದರ ಕಿಲೋಮೀಟರ್ ಜಾಗ ಹಿಡಿದುಕೊಂಡರು. ನಮ್ಮ ಆಳಂದ ತಾಲ್ಲೂಕಿನ ಕಾಲು ಭಾಗವೂ ಅಲ್ಲ. ಒಬ್ಬನೇ ಮಾಡಿದ್ದರೆ 400 ದಿನ ಆಗುವಷ್ಟು ಕೆಲಸ ಮಾಡಿ ಅಲ್ಲಿ ಕಂಡದ್ದನ್ನೆಲ್ಲ ಆರಿಸಿದರು. 2738 ಪ್ರಭೇದಗಳ ಮೃದ್ವಂಗಿಗಳು ಸಿಕ್ಕವು. ಅವುಗಳಲ್ಲಿ ಮೂರರಲ್ಲಿ ಒಂದು ಪಾಲು ಬೆಳೆದರೂ ನಾಲ್ಕು ಮಿಲಿಮೀಟರ್ ದಾಟದವು. ನನಗೆ ಇದಕ್ಕಿಂತ ಮನಸ್ಸಿಗೆ ತಟ್ಟಿದ್ದು ಇನ್ನೊಂದು ಮಾತು. ಐದರಲ್ಲಿ ಒಂದು ಪ್ರಭೇದ ಅವರಿಗೆ ಸಿಕ್ಕಿದ್ದು ಒಂದೇ ಒಂದು ಚಿಪ್ಪಾಗಿ. ಅಷ್ಟು ಜನ, ಅಷ್ಟು ದಿನ, ಅಷ್ಟು ಜರಡಿ, ಆದರೂ ಒಂದೇ. ಪುಣ್ಯಕ್ಕೆ ಅಲ್ಲಿ ಯಾರೂ ಫ್ಯಾನ್ ಹಾಕಲಿಲ್ಲ.

ಈಗ ನಿಮಗೊಂದು ವಿಚಿತ್ರ ಚಿಪ್ಪು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಕುಣಿಯಬೇಡಿ. ಮೊದಲು ಅದು ಮಗುವೋ ದೊಡ್ಡದೋ ನೋಡಿ. ಹೊಸಬರೆಲ್ಲ ಎಡವುವುದು ಇಲ್ಲೇ. ಅಂಗೈಯಗಲದ ಶಂಖವೂ ಒಂದು ಕಾಲಕ್ಕೆ ಎಳ್ಳಿನಷ್ಟೇ ಇತ್ತಲ್ವಾ? ದೊಡ್ಡ ಹುಳುವಿನ ಮರಿಯನ್ನು ಹಿಡಿದು ಹೊಸ ಸಣ್ಣ ಪ್ರಭೇದ ಅಂತ ಹೆಸರಿಟ್ಟವರು ಹಿಂದೆ ಬೇಕಾದಷ್ಟು ಜನ. ಕೆಲವು ಗುಂಪುಗಳಲ್ಲಿ ಬೆಳವಣಿಗೆ ನಿಂತಾಗ ಚಿಪ್ಪಿನ ತುಟಿ ದಪ್ಪವಾಗುತ್ತದೆ, ರೊಟ್ಟಿಯ ಅಂಚು ಮಡಚಿದ ಹಾಗೆ. ಅದು ಕಂಡರೆ ನಿಶ್ಚಿಂತೆ. ಕೆಲವು ಗುಂಪುಗಳಲ್ಲಿ ಆ ಗುರುತೂ ಇರುವುದಿಲ್ಲ.

ಆಮೇಲೆ ಚಿಪ್ಪಿನ ತುದಿ ನೋಡಬೇಕು. ನನಗೆ ಎಲ್ಲಕ್ಕಿಂತ ಇಷ್ಟದ ಜಾಗ ಅದು. ಹುಳು ಮರಿಯಾಗಿದ್ದಾಗ ಕಟ್ಟಿಕೊಂಡ ಚಿಪ್ಪು ತುದಿಯಲ್ಲಿ ಹಾಗೇ ಉಳಿದಿರುತ್ತದೆ. ಪ್ರೋಟೋಕಾಂಕ್ ಅನ್ನುತ್ತಾರೆ. ಹುಟ್ಟಿದಾಗ ತೊಡಿಸಿದ ಕುಂಚಿಗೆಯನ್ನು ಮುದುಕನಾದರೂ ತಲೆಯ ಮೇಲೆ ಹೊತ್ತು ತಿರುಗಿದ ಹಾಗೆ. ಅದರ ಸುರುಳಿ ಎಣಿಸಿದರೆ ಬಾಲ್ಯ ತಿಳಿಯುತ್ತದೆ. ಮೂರು ನಾಲ್ಕು ಸಣ್ಣ ಸುರುಳಿ ಇದ್ದರೆ, ಮರಿ ಸಮುದ್ರದಲ್ಲಿ ತೇಲುತ್ತ, ತಿನ್ನುತ್ತ ವಾರಗಟ್ಟಲೆ ಅಲೆದಿದೆ. ಒಂದೂವರೆ ಸುರುಳಿಯ ದಪ್ಪ ಗುಂಡು ತುದಿ ಇದ್ದರೆ, ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿ ಉಂಡೇ ಬೆಳೆದಿದೆ, ದೂರ ಹೋಗಿಲ್ಲ. ಉಳಿದ ಮೈಯೆಲ್ಲ ಒಂದೇ ಥರ ಇದ್ದು ತುದಿ ಮಾತ್ರ ಬೇರೆ ಇದ್ದರೆ, ಸಾಮಾನ್ಯವಾಗಿ ಅವು ಎರಡು ಪ್ರಭೇದ. ಪಿರಮಿಡೆಲ್ಲಿಡೇ ಅನ್ನುವ ಕುಟುಂಬದಲ್ಲಿ ಈ ಕುಂಚಿಗೆ ವಾರೆಯಾಗಿ, ಉಲ್ಟಾ ತಿರುಗಿ ಕೂತಿರುತ್ತದೆ. ಬೇರೆ ಬಸವನಹುಳುಗಳಿಗೆ ಇರುವಂಥ ನಾಲಗೆಯ ಹಲ್ಲಿನ ಪಟ್ಟಿಯೂ ಅವುಗಳಿಗೆ ಇಲ್ಲ. ಸೂಜಿಯಂಥ ಬಾಯಿಯಿಂದ ಬೇರೆ ಪ್ರಾಣಿಗಳನ್ನು ಚುಚ್ಚಿ ರಸ ಹೀರುವ ಜಾತಿ.

ಎಡ ಬಲದ ವಿಷಯ ಹೇಳಲೇಬೇಕು, ಯಾಕೆಂದರೆ ಪೂಜೆಯ ಮನೆಯಿಂದ ಬಂದವರಿಗೆ ಇಲ್ಲಿ ಗೊಂದಲ. ನಾವು ಚಿಪ್ಪಿನ ಚೂಪು ಸುರುಳಿಯನ್ನು ಮೇಲೆ ಮಾಡಿ, ಬಾಯಿ ನಮ್ಮ ಕಡೆ ತಿರುಗಿಸಿ ಹಿಡಿಯುತ್ತೇವೆ. ಬಾಯಿ ಬಲಕ್ಕೆ ಬಂದರೆ ಬಲಸುರುಳಿ. ಹೆಚ್ಚಿನ ಬಸವನಹುಳುಗಳು ಹೀಗೇ. ಪೂಜೆಗೆ ಶಂಖವನ್ನು ನೋಡುವುದು ತಲೆಕೆಳಗಾಗಿ, ಸುರುಳಿ ಕೆಳಗೆ, ಉದ್ದನೆಯ ಮೂತಿ ಮೇಲೆ. ಹಾಗಾಗಿ ಲಕ್ಷಗಟ್ಟಲೆ ಬೆಲೆ ಹೇಳುವ ಬಲಮುರಿ ಶಂಖ ನಮ್ಮ ಲೆಕ್ಕದಲ್ಲಿ ಎಡಸುರುಳಿ! ಶಂಖದಲ್ಲಿ ಅದು ಅಪರೂಪ. ಆದರೆ ಟ್ರೈಫೋರಿಡೇ ಅನ್ನುವ ಕುಟುಂಬದಲ್ಲಿ ಬಹುತೇಕ ಎಲ್ಲವೂ ಎಡಸುರುಳಿಯೇ. ಸ್ಪಂಜು ತಿಂದು ಬದುಕುವ, ಮಣಿ ಪೋಣಿಸಿದಂಥ ಮೈಯ, ಆರೇಳು ಮಿಲಿಮೀಟರಿನ ಬಲಮುರಿಗಳು. ನನ್ನ ಹತ್ತಿರ ಹನ್ನೊಂದಿವೆ. ಕೊಳ್ಳುವವರು ಯಾರೂ ಬಂದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಚಿಪ್ಪು ಹೊಸದು ಅನ್ನಿಸಿದರೆ, ಆಗ ನಿಜವಾದ ಕಷ್ಟ ಶುರು. ಇದು ಇದುವರೆಗೆ ಹೆಸರಿಟ್ಟ ಯಾವುದೂ ಅಲ್ಲ ಅಂತ ತೋರಿಸಬೇಕು. ಅಂದರೆ ಹಿಂದಿನವರು ಬರೆದದ್ದನ್ನೆಲ್ಲ ಓದಬೇಕು. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುವುದು 1758ರಿಂದ, ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನಿಯಸ್ ಪುಸ್ತಕದ ಹತ್ತನೇ ಆವೃತ್ತಿಯಿಂದ. ಅಲ್ಲಿಂದ ಇಲ್ಲಿಯವರೆಗೆ ಮೊದಲು ಇಟ್ಟವನ ಹೆಸರೇ ಹೆಸರು.

ನಮ್ಮ ಅರಬ್ಬಿ ಸಮುದ್ರದ ಸಣ್ಣ ಚಿಪ್ಪುಗಳ ಕಥೆಯಲ್ಲಿ ಒಂದು ಹಡಗು ಬರುತ್ತದೆ. ಹೆಸರು ಪ್ಯಾಟ್ರಿಕ್ ಸ್ಟುವರ್ಟ್. ಅದು ಸಮುದ್ರದ ತಳದ ಟೆಲಿಗ್ರಾಫ್ ಕೇಬಲ್ ರಿಪೇರಿ ಮಾಡುವ ಹಡಗು. ಅದರ ಕ್ಯಾಪ್ಟನ್ ಟೌನ್‌ಸೆಂಡ್‌ಗೆ ಚಿಪ್ಪಿನ ಹುಚ್ಚು. ಕರಾಚಿ, ಮಸ್ಕತ್, ಪರ್ಷಿಯಾ ಕೊಲ್ಲಿಯ ಕಡೆ ಕೆಲಸಕ್ಕೆ ಹೋದಾಗ ತಳದ ಕೆಸರಿನಿಂದ ಚಿಪ್ಪು ಆರಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದ. ಅಲ್ಲಿ ಮೆಲ್ವಿಲ್ ಮತ್ತು ಸ್ಟಾಂಡನ್ ಎಂಬ ಇಬ್ಬರು ಚಿಪ್ಪುಗಳ ತಜ್ಞರು 1901ರಲ್ಲಿ ಅವನ್ನೆಲ್ಲ ಪಟ್ಟಿ ಮಾಡಿ, ಹೊಸವಕ್ಕೆ ಹೆಸರಿಟ್ಟರು. ಇವತ್ತು ಕಾರವಾರದ ನುಚ್ಚಿನಲ್ಲಿ ಸಿಕ್ಕಿದ್ದನ್ನು ಗುರುತಿಸಬೇಕಾದರೂ ತಂತಿ ರಿಪೇರಿಯವನ ಕೆಸರು ನೋಡಿಯೇ ಮುಂದೆ ಹೋಗಬೇಕು.

ನನಗೆ ಒಂದು ಸಲ ಹೀಗಾಯಿತು. ಮೂರು ಮಿಲಿಮೀಟರಿನ ಬಿಳಿ ಚಿಪ್ಪು, ಮೈತುಂಬ ನೆಟ್ಟನೆಯ ಏಣುಗಳು. ಕೊನೆಯ ಸುರುಳಿಯಲ್ಲಿ ಹದಿನೆಂಟು ಏಣು. ಹಳೆಯ ಪ್ರಬಂಧವೊಂದರ ಚಿತ್ರದಲ್ಲಿ ಹೆಚ್ಚು ಕಡಿಮೆ ಇಂಥದ್ದೇ ಇತ್ತು, ಆದರೆ ಏಣು ಹದಿನಾಲ್ಕು. ಹಾಗಾದರೆ ಬೇರೆಯದೇ ಅಂತ ಖುಷಿಪಟ್ಟೆ. ವಿವರಣೆಯನ್ನೂ ಬರೆದಿಟ್ಟೆ. ಆ ಭಾಷೆ ಹೇಗಿರುತ್ತದೆ ಅಂದರೆ, "ಚಿಪ್ಪು ಚಿಕ್ಕದು, ಗಟ್ಟಿ, ಹೊಳಪಿಲ್ಲ, ಎತ್ತರ 3.1 ಮಿ.ಮೀ., ಅಗಲ 1.3 ಮಿ.ಮೀ.; ಸುರುಳಿ ಆರು, ತುಸು ಉಬ್ಬು; ಏಣು ನೆಟ್ಟಗೆ, ನಡುವಿನ ಸಂದಿಗಿಂತ ಕಿರಿದು; ಬಾಯಿ ಅರ್ಧಚಂದ್ರ." ಕ್ರಿಯಾಪದ ಕಡಿಮೆ, ಹೊಗಳಿಕೆ ಇಲ್ಲವೇ ಇಲ್ಲ. ಸುಂದರವಾದ ಚಿಪ್ಪು ಅಂತ ಬರೆದರೆ ಹೊಡೆದು ಹಾಕುತ್ತಾರೆ. ನನಗೆ ಈ ಭಾಷೆ ಒಳ್ಳೆಯ ವಚನದಷ್ಟೇ ಬಿಗಿ ಅನ್ನಿಸುತ್ತದೆ, ನನ್ನ ಕನ್ನಡ ಮೇಷ್ಟ್ರ ಸ್ನೇಹಿತರು ಒಪ್ಪುವುದಿಲ್ಲ. ಇರಲಿ. ಕಡೆಗೆ ಮ್ಯೂಸಿಯಮ್ಮಿನಲ್ಲಿದ್ದ ಮೂಲ ಚಿಪ್ಪಿನ ಫೋಟೋ ಸಿಕ್ಕಿತು. ಎಣಿಸಿದೆ. ಹದಿನೆಂಟು! ಚಿತ್ರ ಬರೆದವರು ನಾಲ್ಕು ಏಣು ಬಿಟ್ಟಿದ್ದರು.

ಅದಕ್ಕೇ ಮೂಲ ಚಿಪ್ಪು ಮುಖ್ಯ. ಹೋಲೋಟೈಪ್ ಅನ್ನುತ್ತಾರೆ. ಹೆಸರು ಅಂಟಿಕೊಳ್ಳುವುದು ನಿಮ್ಮ ವಿವರಣೆಗಲ್ಲ, ಆ ಒಂದು ಚಿಪ್ಪಿಗೆ. ವಿವರಣೆ ತಪ್ಪಿದ್ದರೂ ಚಿಪ್ಪು ಸುಳ್ಳು ಹೇಳುವುದಿಲ್ಲ. 1999 ಆದ ಮೇಲಿನ ಹೆಸರುಗಳಿಗೆ ಇಂಥ ಮೂಲ ಮಾದರಿಯನ್ನು ಗೊತ್ತುಮಾಡಿ, ಎಲ್ಲಿ ಇಟ್ಟಿದೆ ಅಂತ ಹೇಳದಿದ್ದರೆ ಹೆಸರೇ ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಕೂಡ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಕೊಡಬೇಕು ಅನ್ನುತ್ತದೆ. ಪ್ರಾಣಿಗಳಿಗೆ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಇದೆ, 1916ರಲ್ಲಿ ಶುರುವಾದದ್ದು. ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡರೂ ಕಟ್ಟಿಗೆ ಕಪಾಟು ಬೇಡ. ಕಟ್ಟಿಗೆಯಿಂದ ಬರುವ ಆಮ್ಲದ ಆವಿಗೆ ಚಿಪ್ಪಿನ ಮೇಲೆ ಬಿಳಿ ಬೂಷ್ಟಿನಂಥ ಪುಡಿ ಏಳುತ್ತದೆ. ಬೈನ್ ರೋಗ ಅನ್ನುತ್ತಾರೆ, ರೋಗವಲ್ಲ, ಬರೀ ರಸಾಯನ. ದೊಡ್ಡ ಶಂಖವಾದರೆ ಹೊಳಪು ಹೋಗುತ್ತದೆ, ಎಳ್ಳಿನಷ್ಟರದ್ದು ಪೂರ್ತಿ ಪುಡಿ. ನಾನು ಔಷಧದ ಖಾಲಿ ಕ್ಯಾಪ್ಸೂಲಿನಲ್ಲಿ ಇಡುತ್ತೇನೆ.

ಡಿಎನ್ಎ ಬಗ್ಗೆ ಕೇಳುತ್ತೀರಿ, ಗೊತ್ತು. ಬೇಕು, ಅನುಮಾನವಿಲ್ಲ. ಒಂದೇ ಥರ ಕಾಣುವ ಎರಡನ್ನು ಅದು ಬಿಡಿಸಿ ಕೊಡುತ್ತದೆ, ಬೇರೆ ಕಾಣುವ ಹತ್ತನ್ನು ಒಂದು ಮಾಡುತ್ತದೆ. ಯುರೋಪಿನ ದಂಡೆಯ ಲಿಟ್ಟೊರೀನಾ ಸ್ಯಾಕ್ಸಟಿಲಿಸ್ ಅನ್ನುವ ಒಂದೇ ಹುಳುವಿಗೆ ಜನ ನೂರಕ್ಕೂ ಹೆಚ್ಚು ಸಲ ಬೇರೆ ಬೇರೆ ಹೆಸರಿಟ್ಟಿದ್ದಾರೆ, ಚಿಪ್ಪಿನ ಬಣ್ಣ ಆಕಾರ ನೋಡಿ ಮೋಸಹೋಗಿ. ಆದರೆ ನನ್ನ ಬೊಗಸೆ ನುಚ್ಚಿನಲ್ಲಿ ಇರುವುದು ಖಾಲಿ ಚಿಪ್ಪು. ಜೀವ ಇದ್ದದ್ದು ಸಿಕ್ಕರೆ ಸ್ಪಿರಿಟ್ಟಿನಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತೇನೆ. ಸಿಗದಿದ್ದರೆ ಕಾಯುತ್ತೇನೆ. ಕಾಯುವುದು ಈ ಕೆಲಸದಲ್ಲಿ ಎಲ್ಲರಿಗೂ ಇದ್ದದ್ದೇ. ಒಂದು ಪ್ರಾಣಿಯನ್ನು ಹಿಡಿದ ದಿನದಿಂದ ಅದಕ್ಕೆ ಹೆಸರು ಬರುವವರೆಗೆ ಸರಾಸರಿ 21 ವರ್ಷ ಆಗುತ್ತದೆ ಅಂತ 2012ರಲ್ಲಿ ಲೆಕ್ಕ ಹಾಕಿದ್ದಾರೆ. ನನ್ನ ವಯಸ್ಸಿನವರು ಕೇಳಬಾರದ ಸಂಖ್ಯೆ ಅದು.

ಬೆಳಿಗ್ಗೆ ಒಬ್ಬ ಹುಡುಗಿ ಕೇಳಿದಳು, "ಸರ್, ನನಗೆ ಸಿಕ್ಕಿದ್ದಕ್ಕೆ ನನ್ನ ಹೆಸರೇ ಇಟ್ಟರೆ ನಡೀತದಾ?" ನಿಯಮದಲ್ಲಿ ಅಡ್ಡಿಯಿಲ್ಲ, ಆದರೆ ಮರ್ಯಾದೆಯಲ್ಲಿ ಇದೆ. ಗೆಳತಿಯ ಹೆಸರಿಡಬಹುದು, ಅವಳು ನಿನ್ನದನ್ನು ಇಡಲಿ. ಕನ್ನಡದ ಪದವನ್ನೂ ಇಡಬಹುದು, ಲ್ಯಾಟಿನ್ ಅಕ್ಷರದಲ್ಲಿ ಬರೆದರೆ ಆಯಿತು. ಎಳ್ಳು, ಗಸಗಸೆ, ಕುಂಚಿಗೆ, ಯಾವುದಾದರೂ ಸರಿ.

ಈಗ ಒಬ್ಬೊಬ್ಬರೇ ಈ ಕಡೆಯಿಂದ ಬನ್ನಿ. ಮೇಜಿಗೆ ಮೊಣಕೈ ತಾಗಿಸಬೇಡಿ. ಮೊದಲ ಸೂಕ್ಷ್ಮದರ್ಶಕದಲ್ಲಿ ಎಡಸುರುಳಿ ಇದೆ. ಎರಡನೆಯದರಲ್ಲಿ ಎರಡು ಬಿಳಿ ಚಿಪ್ಪುಗಳಿವೆ, ಪಕ್ಕಪಕ್ಕದಲ್ಲಿ. ಅವು ಒಂದೇ ಪ್ರಭೇದವೋ ಎರಡೋ ಅಂತ ನಾನು ಹೋದ ದೀಪಾವಳಿಯಿಂದ ನೋಡುತ್ತಿದ್ದೇನೆ. ತುದಿಯ ಕುಂಚಿಗೆ ಚೆನ್ನಾಗಿ ನೋಡಿ, ಸುರುಳಿ ಎಷ್ಟು ಅಂತ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಪಕ್ಕದವರನ್ನು ಕೇಳಬೇಡಿ. ನೋಡುವಾಗ ಉಸಿರು ಮೆಲ್ಲಗೆ ಬಿಡಿ.