ಫ್ಯೂಶನ್ ಯಂತ್ರದ ಗೋಡೆ ಸವೆಯುವುದು ಹೇಗೆ?

[ದೃಶ್ಯ: ಟೊಕಾಮಾಕ್ ಎಂಬ ಉಂಗುರಾಕಾರದ ಫ್ಯೂಶನ್ ಯಂತ್ರದ ಒಳಗಿನ ಕ್ಯಾಮೆರಾ. ನಡುವೆಲ್ಲ ಖಾಲಿ ಇದ್ದಂತಿದೆ. ತಳದಲ್ಲಿ ಒಂದು ಗುಲಾಬಿ ಗೆರೆ.]

ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯಲು ಮಾಡಿದ ಯಂತ್ರ ಇದು. ಈ ಗುಲಾಬಿ ಗೆರೆ ನೋಡಿ. ಪ್ಲಾಸ್ಮಾ (ಪರಮಾಣುಗಳಿಂದ ಎಲೆಕ್ಟ್ರಾನ್ ಬೇರೆಯಾದ ಬಿಸಿ ಅನಿಲ) ಇರುವುದು ಅಲ್ಲಿ ಮಾತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಖಾಲಿ ಕಾಣುವ ನಡುಭಾಗದ ತುಂಬಾ ಇರುವುದೂ ಪ್ಲಾಸ್ಮಾನೇ. ಅದು ವಿಪರೀತ ಬಿಸಿ. ಹಾಗಾಗಿ ಕಣ್ಣಿಗೆ ಕಾಣುವ ಬೆಳಕು ಅದರಿಂದ ಹೊರಡುವುದೇ ಕಡಿಮೆ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟಿಇಆರ್ ಯಂತ್ರದಲ್ಲಿ ಈ ಬಿಸಿ 15 ಕೋಟಿ ಡಿಗ್ರಿ ಮುಟ್ಟಬೇಕು. ಗೋಡೆಯ ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಗೆ.

ಕಾಂತಕ್ಷೇತ್ರ ಪ್ಲಾಸ್ಮಾವನ್ನು ಗೋಡೆಯಿಂದ ದೂರ ಇಡುತ್ತದೆ. ಆದರೂ ಒಂದಿಷ್ಟು ಸೋರುತ್ತಲೇ ಇರುತ್ತದೆ. ಸೋರಿದ್ದು ಕಾಂತರೇಖೆಗಳ ಗುಂಟ ಸಾಗಿ ತಳಕ್ಕೆ ಬಡಿಯುತ್ತದೆ. ಆ ಜಾಗವೇ ಡೈವರ್ಟರ್. ಅಲ್ಲಿ ಚದರ ಮೀಟರ್‌ಗೆ 1 ಕೋಟಿ ವಾಟ್‌ನಷ್ಟು ಶಾಖ ಬೀಳುತ್ತದೆ.

[ದೃಶ್ಯ: ಗೋಡೆಯ ಮೇಲ್ಮೈ, ಪರಮಾಣುಗಳು ಕಾಣುವಷ್ಟು ಹತ್ತಿರ.]

ಎಲೆಕ್ಟ್ರಾನ್‌ಗಳು ಹಗುರ, ಅವೇ ಮೊದಲು ಗೋಡೆ ಸೇರುತ್ತವೆ. ಗೋಡೆಗೆ ಋಣ ವಿದ್ಯುತ್ ಬರುತ್ತದೆ, ಧನ ಅಯಾನುಗಳನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳನ್ನು, ಅದು ಸೆಳೆಯುತ್ತದೆ. ತನಗೆ ಬೀಳುವ ಏಟಿನ ವೇಗವನ್ನು ಗೋಡೆ ತಾನೇ ಹೆಚ್ಚಿಸಿಕೊಳ್ಳುತ್ತದೆ!

ಇಂಧನವಾದ ಡ್ಯುಟೇರಿಯಂಗಿಂತ (ಇದು ಹೈಡ್ರೋಜನ್‌ನದೇ ಭಾರವಾದ ರೂಪ) ಟಂಗ್‌ಸ್ಟನ್ ಪರಮಾಣು ಸುಮಾರು 90 ಪಟ್ಟು ಭಾರ. ಗೋಲಿ ಬಡಿದರೆ ಕಬ್ಬಿಣದ ಗುಂಡು ಕದಲುತ್ತದೆಯೇ? 200 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ಶಕ್ತಿ ಅಳೆಯುವ ಮಾನ) ಜಾಸ್ತಿ ಶಕ್ತಿ ಇದ್ದರೆ ಮಾತ್ರ ಡ್ಯುಟೇರಿಯಂ ಒಂದು ಪರಮಾಣುವನ್ನು ಕಿತ್ತೀತು.

ಕಿತ್ತು ಹೋದದ್ದು ಎಲ್ಲಿಗೆ ಹೋಗುತ್ತದೆ? ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ದಟ್ಟ ಪ್ಲಾಸ್ಮಾದಲ್ಲಿ ಅದು ಒಂದು ಮಿಲಿಮೀಟರ್ ದಾಟುವ ಮೊದಲೇ ಎಲೆಕ್ಟ್ರಾನ್ ಕಳೆದುಕೊಂಡು ತಾನೂ ಅಯಾನಾಗುತ್ತದೆ. ಕಾಂತಕ್ಷೇತ್ರ ಅದನ್ನು ಗಿರ್ರನೆ ತಿರುಗಿಸುತ್ತದೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಮತ್ತೆ ಗೋಡೆಗೇ ಬಂದು ಅಂಟಿಕೊಳ್ಳುತ್ತದೆ. ಬಹುಪಾಲು ಪರಮಾಣುಗಳು ಹೀಗೆ ವಾಪಸ್ ಬರುತ್ತವೆ.

ತಪ್ಪಿಸಿಕೊಂಡವು ನಡುಭಾಗ ಸೇರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಲಕ್ಷ ಕಣಗಳಿಗೆ ಬೆರಳೆಣಿಕೆಯಷ್ಟು ಟಂಗ್‌ಸ್ಟನ್ ಬೆರೆತರೂ ಸಾಕು, ಎಕ್ಸ್‌ರೇ ಸೂಸುತ್ತಾ ಪ್ಲಾಸ್ಮಾವನ್ನು ತಣ್ಣಗೆ ಮಾಡಿಬಿಡುತ್ತದೆ.

ಹಾಗಾದರೆ ಹಗುರವಾದ ಕಾರ್ಬನ್ ಹಾಕಬಹುದಲ್ಲ? ಇಂಗ್ಲೆಂಡಿನಲ್ಲಿದ್ದ ಜೆಟ್ (JET) ಎಂಬ ಟೊಕಾಮಾಕ್‌ನಲ್ಲಿ ಹಾಕಿದ್ದರು. ಅದು ಹೈಡ್ರೋಜನ್ ಜೊತೆ ಸೇರಿ ಸವೆಯುತ್ತಿತ್ತು, ಮೂಲೆಗಳಲ್ಲಿ ಪದರವಾಗಿ ಕೂತು ಟ್ರಿಟಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಟ್ರಿಟಿಯಂ ವಿಕಿರಣಶೀಲ ಇಂಧನ, ಹಾಗೆ ಸುಮ್ನೆ ಬಿಡುವಂತಿಲ್ಲ. 2011ರಲ್ಲಿ ಬೆರಿಲಿಯಂ ಮತ್ತು ಟಂಗ್‌ಸ್ಟನ್ ಗೋಡೆ ಬಂದ ಮೇಲೆ, ಹೀಗೆ ಸಿಕ್ಕಿಬೀಳುವ ಇಂಧನ ಹತ್ತನೇ ಒಂದು ಪಾಲಿಗಿಂತ ಕೆಳಗಿಳಿಯಿತು.

ಈಗಿನ ದಾರಿ ಬೇರೆ: ಡೈವರ್ಟರ್ ಹತ್ತಿರ ಸ್ವಲ್ಪ ನಿಯಾನ್ ಅನಿಲ ಬಿಡುವುದು. ಅದು ಶಾಖವನ್ನು ಬೆಳಕಾಗಿ ಸುತ್ತಲೂ ಚೆಲ್ಲುತ್ತದೆ. ಆದರೆ ನಿಯಾನ್ ಡ್ಯುಟೇರಿಯಂನ ಹತ್ತು ಪಟ್ಟು ಭಾರ, ಅದರ ಏಟೂ ಜೋರು. ಹಾಗಾಗಿ ಅಲ್ಲಿನ ಪ್ಲಾಸ್ಮಾ ಕಣಗಳ ಶಕ್ತಿ ಕೆಲವೇ ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಯಬೇಕು. ಅಷ್ಟು ತಣಿದರೆ ನಿಯಾನ್ ಬಡಿದರೂ ಪರಮಾಣು ಕೀಳುವುದು ಬಹುಮಟ್ಟಿಗೆ ನಿಲ್ಲುತ್ತದೆ.

[ದೃಶ್ಯ: ಮತ್ತೆ ಆ ಗುಲಾಬಿ ಗೆರೆ. ಮೆಲ್ಲಗೆ ಟಂಗ್‌ಸ್ಟನ್‌ನಿಂದ ಬಿಡಿಸಿಕೊಂಡು ಮೇಲೇಳುತ್ತದೆ.]

ನೋಡಿ, ಗೆರೆ ಈಗ ಗೋಡೆಗೆ ತಾಗುತ್ತಿಲ್ಲ.